ಧಾರ್ಮಿಕ ಕೆಲಸಕ್ಕೆ ವಿದೇಶಕ್ಕೆ ಹೋಗ್ತಿದ್ದೀರಾ? ವೀಸಾ ಯಾವ್ದು, ಅಲ್ಲೇ ಉಳಿಯೋ ದಾರಿ ಯಾವ್ದು, ಎಲ್ಲಿ ಎಡವ್ತಾರೆ

ಪೂಜೆ, ಪ್ರವಚನ, ಪ್ರಾರ್ಥನೆ ನಡೆಸೋಕೆ ಅಂತ ಬೇರೆ ದೇಶದ ಸಂಸ್ಥೆಯವ್ರು ಕರೆದಿದಾರೆ, ಯಾವ ವೀಸಾ ಹಾಕ್ಬೇಕು, ಮನೆಯವ್ರನ್ನ ಕರ್ಕೊಂಡು ಹೋಗಬಹುದಾ, ಆಮೇಲೆ ಅಲ್ಲೇ ಇದ್ದುಬಿಡಬಹುದಾ ಅಂತ ಕೇಳೋರು ಬರ್ತಾನೇ ಇರ್ತಾರೆ. ಅರ್ಚಕರು ಕೇಳ್ತಾರೆ, ಪಾದ್ರಿಗಳು ಕೇಳ್ತಾರೆ, ಇಮಾಮರು, ಭಿಕ್ಷುಗಳು, ಮಠದಲ್ಲಿ ಕಾನ್ವೆಂಟಲ್ಲಿ ಇರೋರು, ಎಲ್ರದ್ದೂ ಹೆಚ್ಚು ಕಡಿಮೆ ಅದೇ ಪ್ರಶ್ನೆ. ಒಬ್ಬೊಬ್ರಿಗೇ ಬಿಡಿಸಿ ಹೇಳೋ ಬದಲು ಒಂದ್ಕಡೆ ಬರೆದಿಡ್ತೀನಿ.

ಶುರು ಮಾಡೋಕೆ ಮುಂಚೆ ಒಂದ್ಮಾತು ತಲೇಲಿಟ್ಕೊಳಿ. ನಿಮ್ಮ ಪಾಂಡಿತ್ಯ ಎಷ್ಟೇ ದೊಡ್ಡದಿರಲಿ, ಅರ್ಜಿ ಪಾಸಾಗೋದೂ ಬೀಳೋದೂ ಬಹುಪಾಲು ನಿಮ್ಮನ್ನ ಕರೆಸ್ಕೊಳ್ತಿರೋ ಸಂಸ್ಥೆಯ ಕಾಗದಗಳ ಮೇಲೆ. ಅದಕ್ಕೇ ಕೆಳಗಿನ ಹಂತಗಳಲ್ಲಿ ಮೂರನೇದನ್ನ ಮಾತ್ರ ದಯವಿಟ್ಟು ಹಾರಿಸಬೇಡಿ.

1. ಎಷ್ಟು ದಿನಕ್ಕೆ ಹೋಗ್ತಿದೀರಿ, ಆಮೇಲೇನು ಅನ್ನೋದನ್ನ ಮೊದ್ಲೇ ತೀರ್ಮಾನ ಮಾಡಿ

ಕೆಲವು ವಾರದ ಪ್ರವಚನಕ್ಕೆ ಹೋಗೋದು ಒಂದು, ಒಂದೆರಡು ವರ್ಷ ಸೇವೆ ಮಾಡಿ ವಾಪಸ್ ಬರೋದು ಇನ್ನೊಂದು, ಕುಟುಂಬ ಸಮೇತ ಹೋಗಿ ನೆಲೆಸೋದು ಮತ್ತೊಂದು. ಮೂರಕ್ಕೂ ಬೇರೆ ಬೇರೆ ವೀಸಾ ಇದಾವೆ. ಎರಡನೇ ತರದ ವೀಸಾ ತಗೊಂಡು ಹೋಗಿ ಆಮೇಲೆ ಅಲ್ಲಿಂದಾನೇ ಮೂರನೇದಕ್ಕೆ ಬದಲಾಯಿಸ್ಕೊಂಡ್ರಾಯ್ತು ಅಂದ್ಕೊಳ್ಳೋರೇ ಜಾಸ್ತಿ, ಆದ್ರೆ ಎಷ್ಟೋ ದೇಶದಲ್ಲಿ ಹಂಗೆ ಬದಲಾಯಿಸೋಕೆ ಬಿಡಲ್ಲ.

ಬರೀ ಸಣ್ಣ ಭೇಟಿ ಆಗಿದ್ರೆ ವಿಸಿಟರ್ ವೀಸಾನೇ ಸಾಕಾಗೋ ಸಂದರ್ಭಗಳಿವೆ. ಬ್ರಿಟನ್ನಿನಲ್ಲಿ, ನಿಮ್ಮ ಖಾಯಂ ಕೆಲಸ ಹೊರದೇಶದಲ್ಲಿದ್ದು ಅಲ್ಲಿ ಯಾವ ಹುದ್ದೆಗೂ ಸೇರ್ಕೊಳ್ದೆ ಬರೀ ಉಪದೇಶ ಮಾಡಿ ಬರೋದಾದ್ರೆ ವಿಸಿಟರ್ ಆಗಿ ಹೋಗೋಕೆ ಅವಕಾಶ ಇದೆ. ಅಮೆರಿಕದಲ್ಲೂ ಬಿ-1 ವೀಸಾದಲ್ಲಿ ಪ್ರವಚನ ಪ್ರವಾಸ ಮಾಡಬಹುದು, ಆದ್ರೆ ಅಲ್ಲಿಯವ್ರಿಂದ ಸಂಬಳ ತಗೊಳೋ ಹಂಗಿಲ್ಲ, ಖರ್ಚು ವೆಚ್ಚ ಕೊಟ್ರೆ ಪರವಾಗಿಲ್ಲ. ಸಿಂಗಾಪುರದಲ್ಲಿ ಹಂಗಲ್ಲ, ಒಂದೇ ಒಂದು ಧಾರ್ಮಿಕ ಭಾಷಣ ಮಾಡೋಕೂ ಮಿಸಲೇನಿಯಸ್ ವರ್ಕ್ ಪಾಸ್ ಅಂತ ಒಂದು ಅನುಮತಿ ಬೇಕಾಗತ್ತೆ, ಅದು ಹೆಚ್ಚಂದ್ರೆ 60 ದಿನಕ್ಕೆ ಕೊಡ್ತಾರೆ, ಅರ್ಜಿ ಹಾಕೋದು ಅಲ್ಲಿನ ಸಂಸ್ಥೆ. ಟೂರಿಸ್ಟ್ ಅಂತ ಹೇಳಿ ಹೋಗಿ ಮೂರು ತಿಂಗಳು ಪೂರ್ತಿ ಡ್ಯೂಟಿ ಮಾಡೋದು ಮಾತ್ರ ಎಲ್ಲೂ ನಡೆಯಲ್ಲ. ಏರ್‌ಪೋರ್ಟಲ್ಲಿ ಬ್ಯಾಗ್ ತೆಗ್ಸಿ ನೋಡಿದ್ರೆ ಕಾರ್ಯಕ್ರಮದ ಪಟ್ಟಿ, ನೇಮಕಾತಿ ಪತ್ರ ಎಲ್ಲಾ ಸಿಗತ್ತೆ, ಅಲ್ಲಿಂದಾನೇ ವಾಪಸ್ ಕಳಿಸ್ತಾರೆ, ಆ ದಾಖಲೆ ಮುಂದಿನ ಪ್ರತಿ ಅರ್ಜಿಯಲ್ಲೂ ಎದುರಿಗೆ ಬರತ್ತೆ.

2. ಸರ್ಕಾರದ ಲೆಕ್ಕದಲ್ಲಿ ನೀವು ಯಾವ ಗುಂಪು

ಧಾರ್ಮಿಕ ಸಂಸ್ಥೇಲಿ ಕೆಲಸ ಮಾಡೋರೆಲ್ಲಾ ಧಾರ್ಮಿಕ ಕೆಲಸಗಾರರಲ್ಲ. ಅಮೆರಿಕ ಇದನ್ನ ಮೂರು ಭಾಗ ಮಾಡಿದೆ. ಒಂದು, ಮಿನಿಸ್ಟರ್, ಅಂದ್ರೆ ವಿಧಿವತ್ತಾಗಿ ದೀಕ್ಷೆ ಅಥವಾ ಅಧಿಕಾರ ಪಡೆದು ಪೂಜೆ ಪ್ರಾರ್ಥನೆ ನಡೆಸಿಕೊಡೋರು. ಎರಡು, ಜೀವನಪೂರ್ತಿ ವ್ರತ ತಗೊಂಡಿರೋ ಸನ್ಯಾಸಿಗಳು, ಸಿಸ್ಟರ್‌ಗಳು. ಮೂರು, ಧಾರ್ಮಿಕ ವೃತ್ತಿ, ಅಂದ್ರೆ ಆ ಮತದ ನಂಬಿಕೆಗೆ ನೇರವಾಗಿ ಸಂಬಂಧಪಟ್ಟ ಕೆಲಸ, ಉದಾಹರಣೆಗೆ ಧರ್ಮಬೋಧನೆ ಮಾಡೋ ಶಿಕ್ಷಕರು.

ಕಸ ಗುಡಿಸೋದು, ಕಟ್ಟಡ ರಿಪೇರಿ, ಆಫೀಸಿನ ಗುಮಾಸ್ತೆ ಕೆಲಸ, ಬರೀ ಚಂದಾ ಎತ್ತೋದು, ಇವು ಯಾವ್ದೂ ಧಾರ್ಮಿಕ ವೃತ್ತಿ ಅಲ್ಲ ಅಂತ ನಿಯಮದಲ್ಲೇ ಬರೆದಿದಾರೆ. ಮುಖ್ಯ ಕೆಲಸದ ಜೊತೆಗೆ ಅಲ್ಪಸ್ವಲ್ಪ ಆಫೀಸ್ ಕೆಲಸ ಇದ್ರೆ ತೊಂದ್ರೆ ಇಲ್ಲ. ಆದ್ರೆ ಅರ್ಜೀಲಿ ಅರ್ಚಕ ಅಂತ ಬರೆದು ಅಲ್ಲಿ ಹೋದ್ಮೇಲೆ ದಿನಪೂರ್ತಿ ಅಡುಗೆಮನೆಯಲ್ಲೋ ಕಟ್ಟಡದ ಕೆಲಸದಲ್ಲೋ ಹಾಕಿದ್ರೆ ಅದು ಸಂಸ್ಥೆಗೂ ಕುತ್ತು, ನಿಮಗೂ ಕುತ್ತು. ಯಾರಾದ್ರೂ "ಪೇಪರಲ್ಲಿ ಹಂಗೆ ಬರೀತೀವಿ, ಇಲ್ಲಿ ಬಂದ್ಮೇಲೆ ನೋಡ್ಕೊಳ್ಳೋಣ" ಅಂದ್ರೆ ಅಲ್ಲೇ ಕೈಬಿಡಿ, ಅದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಇನ್ನೊಂದು ಸಿಗಲ್ಲ.

3. ಕರೆಸ್ತಿರೋ ಸಂಸ್ಥೆಯನ್ನ ಜಾಲಾಡಿ

ಇಲ್ಲಿ ಎಲ್ರೂ ಸಂಕೋಚ ಪಡ್ತಾರೆ, ದೊಡ್ಡವ್ರು ಕರೆದಿದಾರೆ, ಕಾಗದ ತೋರ್ಸಿ ಅಂತ ಹೆಂಗೆ ಕೇಳೋದು ಅಂತ. ಕೇಳ್ಲೇಬೇಕು. ಸ್ಪಾನ್ಸರ್ ಅಂದ್ರೆ ನಿಮ್ಮ ಪರವಾಗಿ ಆ ಸರ್ಕಾರಕ್ಕೆ ಅರ್ಜಿ ಹಾಕಿ ಜವಾಬ್ದಾರಿ ಹೊರೋರು. ಅವ್ರಿಗೆ ಆ ಅರ್ಹತೆ ಇಲ್ದೇ ಹೋದ್ರೆ ನೀವು ಎಷ್ಟು ಪ್ರಮಾಣಪತ್ರ ಕೊಟ್ರೂ ಉಪಯೋಗ ಇಲ್ಲ.

ಅಮೆರಿಕ ಆದ್ರೆ ಸಂಸ್ಥೆ ಹತ್ರ 501(ಸಿ)(3) ನಿರ್ಣಯ ಪತ್ರ ಇರ್ಬೇಕು. ಇದು ಲಾಭಕ್ಕಾಗಿ ನಡೆಸದ ಸಂಸ್ಥೆ ಅಂತ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಕೊಡೋ ಪತ್ರ. ದೊಡ್ಡ ಸಂಘಟನೆಯ ಶಾಖೆ ಆಗಿದ್ರೆ ಮೂಲ ಸಂಘಟನೆಗೆ ಕೊಟ್ಟಿರೋ ಗುಂಪು ಪತ್ರ ನಡೆಯತ್ತೆ, ಆದ್ರೆ ಈ ಶಾಖೆ ಅದ್ರೊಳಗೆ ಬರತ್ತೆ ಅನ್ನೋದಕ್ಕೆ ಪುರಾವೆ ಬೇಕು. ಇದ್ರ ಜೊತೆಗೆ ವಲಸೆ ಇಲಾಖೆ ಯುಎಸ್‌ಸಿಐಎಸ್‌ನವ್ರು ಜಾಗಕ್ಕೇ ಬಂದು ನೋಡೋ ಸೈಟ್ ವಿಸಿಟ್ ಅನ್ನೋದಿದೆ. ಬೋರ್ಡ್ ಇದೆಯಾ, ನಿಜಕ್ಕೂ ಜನ ಬರ್ತಾರಾ, ನಿಮಗೆ ಇರೋಕೆ ಕೊಡ್ತೀವಿ ಅಂದಿರೋ ಕೋಣೆ ಎಲ್ಲಿ, ಎಲ್ಲಾ ನೋಡ್ತಾರೆ. ಅಪಾರ್ಟ್‌ಮೆಂಟಿನ ವಿಳಾಸ ಕೊಟ್ಟಿರೋ ಸಂಸ್ಥೆಗಳು ಇಲ್ಲೇ ಸಿಕ್ಕಾಕೊಳ್ಳೋದು.

ಬ್ರಿಟನ್ ಆದ್ರೆ ನಿಮ್ಮ ಕೆಲಸ ಇನ್ನೂ ಸುಲಭ. ಲೈಸೆನ್ಸ್ ಇರೋ ಸ್ಪಾನ್ಸರ್‌ಗಳ ಪೂರ್ತಿ ಪಟ್ಟಿಯನ್ನ ಸರ್ಕಾರ ತನ್ನ ವೆಬ್‌ಸೈಟಲ್ಲಿ ಎಲ್ರಿಗೂ ಕಾಣೋ ಹಂಗೆ ಹಾಕಿದೆ. ಸಂಸ್ಥೆ ಹೆಸರು ಹುಡುಕಿ, ಯಾವ ವೀಸಾಗೆ ಲೈಸೆನ್ಸ್ ಇದೆ ಅನ್ನೋದನ್ನೂ ನೋಡಿ. ತಾತ್ಕಾಲಿಕ ವೀಸಾಗೆ ಮಾತ್ರ ಲೈಸೆನ್ಸ್ ಇಟ್ಕೊಂಡು ಖಾಯಂ ಆಗೋ ಆಸೆ ತೋರಿಸೋರು ಇದಾರೆ.

ಇನ್ನೊಂದು ವಿಷಯ, ವೀಸಾ ಕೊಡಿಸ್ತೀವಿ ಅಂತ ಸಂಸ್ಥೆಯೋ ಮಧ್ಯವರ್ತಿಯೋ ನಿಮ್ಮಿಂದ ದೊಡ್ಡ ಮೊತ್ತ ಕೇಳಿದ್ರೆ, ಅಥವಾ ಅಲ್ಲಿ ಬಂದ್ಮೇಲೆ ಪಾಸ್‌ಪೋರ್ಟ್ ನಮ್ಮ ಹತ್ರ ಇರತ್ತೆ ಅಂದ್ರೆ ಅದು ಸೇವೆ ಅಲ್ಲ, ವ್ಯಾಪಾರ. ಪಾಸ್‌ಪೋರ್ಟ್ ಯಾವಾಗ್ಲೂ ನಿಮ್ಮ ಕೈಯಲ್ಲೇ ಇರ್ಬೇಕು.

4. ದೇಶಕ್ಕೆ ತಕ್ಕ ದಾರಿ

ಅಮೆರಿಕದ್ದೇ ಹೆಚ್ಚು ಜನ ಕೇಳೋದ್ರಿಂದ ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಅಲ್ಲಿ ತಾತ್ಕಾಲಿಕ ವೀಸಾ ಆರ್-1. ಸಂಸ್ಥೆ ಐ-129 ಅನ್ನೋ ಪಿಟಿಷನ್ ಹಾಕತ್ತೆ, ಅಂದ್ರೆ ಇವರನ್ನ ಕರೆಸ್ಕೊಳ್ಳೋಕೆ ಒಪ್ಪಿಗೆ ಕೊಡಿ ಅನ್ನೋ ಮನವಿ. ಅದು ಪಾಸಾದ ಮೇಲೇನೇ ನೀವು ಕಾನ್ಸುಲೇಟಿಗೆ ಹೋಗೋದು. ಅರ್ಜಿ ಹಾಕೋ ದಿನಕ್ಕೆ ಹಿಂದಿನ ಎರಡು ವರ್ಷ ನೀವು ಅದೇ ಮತಪಂಥದ ಸದಸ್ಯರಾಗಿರ್ಬೇಕು, ವಾರಕ್ಕೆ ಸರಾಸರಿ ಕನಿಷ್ಠ 20 ಗಂಟೆ ಕೆಲಸ ಇರ್ಬೇಕು. ಮೊದಲ ಸಲ 30 ತಿಂಗಳವರೆಗೆ ಕೊಡ್ತಾರೆ, ಇನ್ನೊಂದು 30 ತಿಂಗಳು ಮುಂದುವರಿಸಬಹುದು, ಒಟ್ಟು 5 ವರ್ಷಕ್ಕೆ ಮುಗೀತು. ಕಂಪನಿ ಕೆಲಸಕ್ಕೆ ಹೋಗೋರ ಎಚ್-1ಬಿ ವೀಸಾ ತರ ವರ್ಷಕ್ಕೆ ಇಷ್ಟೇ ಅನ್ನೋ ಮಿತಿ ಇಲ್ಲ, ಲಾಟರಿ ಇಲ್ಲ, ಅದೊಂದು ದೊಡ್ಡ ಅನುಕೂಲ. ಈ 5 ವರ್ಷದ ಲೆಕ್ಕದಲ್ಲಿ ನೀವು ಅಮೆರಿಕದ ಒಳಗಿದ್ದ ದಿನಗಳು ಮಾತ್ರ ಬರತ್ತೆ, ನಡುವೆ ಹೊರಗೆ ಹೋಗಿದ್ದ ದಿನಗಳನ್ನ ಆಮೇಲೆ ವಾಪಸ್ ಕೇಳಬಹುದು, ಅದಕ್ಕೇ ಪಾಸ್‌ಪೋರ್ಟಿನ ಸೀಲು, ಬೋರ್ಡಿಂಗ್ ಪಾಸು ಒಂದನ್ನೂ ಬಿಸಾಕಬೇಡಿ. 5 ವರ್ಷ ಮುಗಿದ್ಮೇಲೆ ಪೂರ್ತಿ ಒಂದು ವರ್ಷ ಹೊರಗಿದ್ದು ಬರ್ಬೇಕು ಅಂತ ಹಳೇ ನಿಯಮ ಇತ್ತು, 2026ರ ಜನವರಿಯಲ್ಲಿ ಆ ಒಂದು ವರ್ಷದ ಷರತ್ತು ತೆಗೆದ್ರು, ಆದ್ರೆ ದೇಶ ಬಿಟ್ಟು ಹೊರಗೆ ಹೋಗೋದಂತೂ ಈಗ್ಲೂ ಹೋಗ್ಲೇಬೇಕು.

ಖಾಯಂ ಆಗಿ ಉಳಿಯೋ ದಾರಿ ಬೇರೆ, ಅದು ಇಬಿ-4 ಗ್ರೀನ್ ಕಾರ್ಡ್, ಫಾರ್ಮ್ ಐ-360. ಇದಕ್ಕೆ ಹಿಂದಿನ ಎರಡು ವರ್ಷ ಬಿಡದೆ ಧಾರ್ಮಿಕ ಕೆಲಸ ಮಾಡಿರ್ಬೇಕು, ಆ ಕೆಲಸ ಅಮೆರಿಕದಲ್ಲೇ ಆಗಿರ್ಬೇಕಂತಿಲ್ಲ, ಹೊರಗೆ ಮಾಡಿದ್ದೂ ನಡೆಯತ್ತೆ. ಮುಂದೆ ಮಾಡೋ ಕೆಲಸ ಮಾತ್ರ ಪೂರ್ಣಾವಧಿ ಆಗಿರ್ಬೇಕು, ಅಂದ್ರೆ ವಾರಕ್ಕೆ ಸರಾಸರಿ 35 ಗಂಟೆ. ಇಲ್ಲಿ ಎರಡು ಗುಂಡಿ ಇದಾವೆ. ಮಿನಿಸ್ಟರ್ ವರ್ಗಕ್ಕೆ ಈ ದಾರಿ ಖಾಯಂ ಆಗಿ ತೆರೆದಿದೆ, ಉಳಿದ ಎರಡು ವರ್ಗಕ್ಕೆ ಅಲ್ಲಿನ ಸಂಸತ್ತು ಆಗಾಗ ಅವಧಿ ವಿಸ್ತರಿಸ್ತಾ ಇರ್ಬೇಕು, ವಿಸ್ತರಿಸದೇ ಬಿಟ್ಟಾಗ ಬಾಗಿಲು ಮುಚ್ಚತ್ತೆ, ಆಮೇಲೆ ಮತ್ತೆ ತೆಗೆಯತ್ತೆ. ಎರಡನೇದು, 2023ರಿಂದ ಈ ವರ್ಗದ ಕ್ಯೂ ವರ್ಷಗಟ್ಟಲೆ ಉದ್ದ ಆಗಿದೆ. ಅದಕ್ಕೇ ಉಳಿಯೋ ಮನಸ್ಸಿದ್ರೆ ಆರ್-1ನ ನಾಲ್ಕನೇ ವರ್ಷದವರೆಗೆ ಕಾಯಬೇಡಿ, ಅರ್ಹತೆ ಬಂದ ದಿನಾನೇ ಐ-360 ಹಾಕ್ಸಿ. ಹಾಗೆ ಹಾಕಿದ್ರು ಅನ್ನೋ ಒಂದೇ ಕಾರಣಕ್ಕೆ ಆರ್-1 ನಿರಾಕರಿಸೋ ಹಂಗಿಲ್ಲ ಅಂತ ನಿಯಮ ಇದೆ, ಹೆದರಬೇಕಿಲ್ಲ.

ಬ್ರಿಟನ್ನಿನಲ್ಲಿ ಎರಡು ವೀಸಾ ಇದೆ, ಹೆಸರು ಕೇಳಿದ್ರೆ ಒಂದೇ ಅನ್ಸತ್ತೆ, ಗುಣ ಪೂರಾ ಬೇರೆ. ಮಿನಿಸ್ಟರ್ ಆಫ್ ರಿಲಿಜನ್, ಇದನ್ನ ಟಿ2 ಅಂತಾರೆ, ಸಮುದಾಯವನ್ನ ಮುನ್ನಡೆಸೋ ಮುಖ್ಯ ಪಾತ್ರದವ್ರಿಗೆ. ಮೊದಲ ಸಲ 3 ವರ್ಷ 1 ತಿಂಗಳವರೆಗೆ ಸಿಗತ್ತೆ, ಮುಂದುವರಿಸಬಹುದು, 5 ವರ್ಷ ಆದ್ಮೇಲೆ ಖಾಯಂ ವಾಸಕ್ಕೆ ಅರ್ಜಿ ಹಾಕೋದು ಇಲ್ಲಿಯವರೆಗಿನ ಪದ್ಧತಿ, ಆ 5 ವರ್ಷವನ್ನ ಹೆಚ್ಚಿಸೋ ಪ್ರಸ್ತಾಪವನ್ನ ಸರ್ಕಾರ 2025ರಲ್ಲಿ ಮುಂದಿಟ್ಟಿದೆ, ಹಾಗಾಗಿ ಅರ್ಜಿ ಹಾಕೋ ದಿನ ಸರ್ಕಾರಿ ಪುಟ ನೋಡ್ಕೊಳಿ. ಇದಕ್ಕೆ ಇಂಗ್ಲಿಷ್ ಬಿ2 ಮಟ್ಟದಲ್ಲಿ ಬೇಕು, ಅಂದ್ರೆ ಓದೋದು ಬರೆಯೋದು ಮಾತಾಡೋದು ಕೇಳೋದು ನಾಲ್ಕರಲ್ಲೂ ಸಲೀಸಾಗಿ ನಿಭಾಯಿಸೋ ಮಟ್ಟ. ಶಾಸ್ತ್ರದಲ್ಲಿ ದಿಗ್ಗಜರಾಗಿದ್ದೂ ಬಹಳ ಜನ ಬೀಳೋದು ಈ ಪರೀಕ್ಷೇಲೇ, ಕೆಲವು ತಿಂಗಳು ಮುಂಚೇನೇ ತಯಾರಿ ಶುರು ಮಾಡಿ.

ಇನ್ನೊಂದು ರಿಲಿಜಿಯಸ್ ವರ್ಕರ್ ವೀಸಾ, ತಾತ್ಕಾಲಿಕ. ಗರಿಷ್ಠ 2 ವರ್ಷ, ಇಂಗ್ಲಿಷ್ ಪರೀಕ್ಷೆ ಇಲ್ಲ, ಹಾಗಾಗಿ ಎಲ್ರಿಗೂ ಇದೇ ಸುಲಭ ಅನ್ಸತ್ತೆ. ಆದ್ರೆ ಇದ್ರಿಂದ ಖಾಯಂ ವಾಸ ಸಿಗಲ್ಲ, ಮುಖ್ಯ ಅರ್ಚಕ ಅಥವಾ ಪಾದ್ರಿಯ ಪಾತ್ರಕ್ಕೆ 2019ರಿಂದ ಇದು ನಡೆಯೋದೂ ಇಲ್ಲ. ಎರಡಕ್ಕೂ ಸಂಸ್ಥೆ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಕೊಡ್ಬೇಕು. ಸರ್ಟಿಫಿಕೇಟ್ ಅಂದ ತಕ್ಷಣ ಫ್ರೇಮ್ ಹಾಕೋ ಕಾಗದ ಅಂದ್ಕೋಬೇಡಿ, ಅದೊಂದು ರೆಫರೆನ್ಸ್ ನಂಬರ್ ಅಷ್ಟೇ, ಸಿಕ್ಕ 3 ತಿಂಗಳೊಳಗೆ ಅರ್ಜಿ ಹಾಕ್ಬೇಕು. ಖಾತೇಲಿ 1,270 ಪೌಂಡ್ 28 ದಿನ ಸತತವಾಗಿ ಇರ್ಬೇಕು, ಸಂಸ್ಥೆ ನಾವು ನೋಡ್ಕೋತೀವಿ ಅಂತ ಪ್ರಮಾಣೀಕರಿಸಿದ್ರೆ ಬೇಡ. ಆರೋಗ್ಯ ಸರ್ಚಾರ್ಜ್ ಅಂತ ದೊಡ್ಡವ್ರಿಗೆ ವರ್ಷಕ್ಕೆ 1,035 ಪೌಂಡ್ ಇದೆ, ಅದನ್ನ ವೀಸಾದ ಎಲ್ಲಾ ವರ್ಷಕ್ಕೂ ಸೇರ್ಸಿ ಒಂದೇ ಸಲ ಕಟ್ಟಬೇಕು, ಕುಟುಂಬ ಇದ್ರೆ ತಲೆಗೆ ಇಷ್ಟು ಅಂತ. ಇದನ್ನ ಯಾರು ಕಟ್ತಾರೆ ಅಂತ ಸಂಸ್ಥೆ ಹತ್ರ ಮೊದ್ಲೇ ಬಾಯಿಬಿಟ್ಟು ಕೇಳಿ.

ಕೆನಡಾ ವಿಚಿತ್ರ. ಸಮುದಾಯಕ್ಕೆ ಬೋಧನೆ, ಪೂಜಾವಿಧಿ, ಆಧ್ಯಾತ್ಮಿಕ ಸಲಹೆ ಕೊಡೋದೇ ಮುಖ್ಯ ಕೆಲಸ ಆಗಿದ್ರೆ ವರ್ಕ್ ಪರ್ಮಿಟ್ಟೇ ಬೇಡ ಅಂತ ವಿನಾಯಿತಿ ಇದೆ. ಪರ್ಮಿಟ್ ಬೇಡ ಅಂದ್ರೆ ವೀಸಾ ಬೇಡ ಅಂತಲ್ಲ, ನಿಮ್ಮ ದೇಶದವ್ರಿಗೆ ವಿಸಿಟರ್ ವೀಸಾ ಕಡ್ಡಾಯ ಆಗಿದ್ರೆ ಅದು ಬೇಕೇ ಬೇಕು, ಜೊತೆಗೆ ಕೆಲಸದ ಪತ್ರ, ನಿಮ್ಮ ಅರ್ಹತೆ, ನಿಮ್ಮನ್ನ ಸಾಕೋ ಶಕ್ತಿ ಸಂಸ್ಥೆಗಿದೆ ಅನ್ನೋ ಪುರಾವೆ ಎಲ್ಲಾ ತೋರಿಸ್ಬೇಕು. ಅಲ್ಲಿ ಖಾಯಂ ಆಗೋಕೆ ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ಅಂಕದ ಪದ್ಧತಿ ಇದೆ. ಧಾರ್ಮಿಕ ಮುಖಂಡರಿಗೆ 41302, ಇತರ ಧಾರ್ಮಿಕ ಕೆಲಸಗಾರರಿಗೆ 42204 ಅಂತ ವೃತ್ತಿ ಸಂಕೇತ ಇದೆ, ಎರಡೂ ಕುಶಲ ಕೆಲಸದ ಲೆಕ್ಕಕ್ಕೇ ಬರತ್ತೆ. ಆದ್ರೆ ಸಂಬಳ ತಗೊಳ್ದೆ ಮಾಡಿದ ಸೇವೆ ಅನುಭವ ಅಂತ ಲೆಕ್ಕಕ್ಕಿಲ್ಲ. ಬರೀ ಊಟ ವಸತಿ ಮೇಲೆ ವರ್ಷಗಟ್ಟಲೆ ದುಡಿದು ಆಮೇಲೆ ಅಂಕ ಇಲ್ಲ ಅಂತ ಪರದಾಡೋದು ಇದಕ್ಕೇ.

ಉಳಿದವು ಚುಟುಕಾಗಿ. ಆಸ್ಟ್ರೇಲಿಯಾದಲ್ಲಿ ಸಬ್‌ಕ್ಲಾಸ್ 408 ಅನ್ನೋ ತಾತ್ಕಾಲಿಕ ವೀಸಾ, ಧಾರ್ಮಿಕ ಕೆಲಸಕ್ಕೆ 2 ವರ್ಷದವರೆಗೆ, ಪೂರ್ಣಾವಧಿ ಸೇವೆಗೆ. ಅಲ್ಲಿ ಉಳಿಯೋ ಆಲೋಚನೆ ಇದ್ರೆ ಸಂಸ್ಥೆ ಸರ್ಕಾರದ ಜೊತೆ ಮಿನಿಸ್ಟರ್ ಆಫ್ ರಿಲಿಜನ್ ಲೇಬರ್ ಅಗ್ರಿಮೆಂಟ್ ಅನ್ನೋ ಒಪ್ಪಂದ ಮಾಡ್ಕೊಂಡಿದೆಯಾ ಕೇಳಿ. ನ್ಯೂಜಿಲೆಂಡಲ್ಲಿ ರಿಲಿಜಿಯಸ್ ವರ್ಕರ್ ವೀಸಾದಿಂದ ಮುಂದೆ ರೆಸಿಡೆಂಟ್ ಆಗೋ ದಾರಿ ನೇರವಾಗಿದೆ, ಆದ್ರೆ 55 ದಾಟಿರಬಾರದು, ವಯಸ್ಸಿನ ಲೆಕ್ಕ ಮೊದ್ಲೇ ಹಾಕ್ಕೊಳಿ. ಜಪಾನಲ್ಲಿ ಧಾರ್ಮಿಕ ಚಟುವಟಿಕೆ ಅಂತಾನೇ ಒಂದು ವಾಸದ ವರ್ಗ ಇದೆ, ಅಲ್ಲಿ ಲೆಕ್ಕ ಉಲ್ಟಾ, ಹೊರದೇಶದ ಧಾರ್ಮಿಕ ಸಂಸ್ಥೆ ನಿಮ್ಮನ್ನ ಕಳಿಸ್ತಿರ್ಬೇಕು, ಹಾಗಾಗಿ ಕರೆಸೋರ ಪತ್ರದಷ್ಟೇ ಕಳಿಸೋರ ಪತ್ರಕ್ಕೂ ಬೆಲೆ.

5. ಕಾಗದಗಳು

ದೀಕ್ಷೆ ಅಥವಾ ಆರ್ಡಿನೇಷನ್ ಪತ್ರ, ಓದಿದ ಪಾಠಶಾಲೆ ಸೆಮಿನರಿ ಮದರಸಾದ ಪ್ರಮಾಣಪತ್ರ, ಹಿಂದೆ ಸೇವೆ ಮಾಡಿದ ಸಂಸ್ಥೆಗಳ ಪತ್ರ (ತಾರೀಖು, ವಾರಕ್ಕೆ ಎಷ್ಟು ಗಂಟೆ, ಏನು ಕೆಲಸ, ಎಷ್ಟು ಸಂಬಳ ಎಲ್ಲಾ ಇರ್ಬೇಕು), ಪೊಲೀಸ್ ಕ್ಲಿಯರೆನ್ಸ್, ಮದುವೆ ಮತ್ತು ಮಕ್ಕಳ ಜನನ ಪತ್ರ. ಬ್ರಿಟನ್ನಿಗೆ 6 ತಿಂಗಳಿಗಿಂತ ಹೆಚ್ಚಿಗೆ ಹೋಗೋದಾದ್ರೆ ಕೆಲವು ದೇಶದವ್ರಿಗೆ ಕ್ಷಯರೋಗದ ಟೆಸ್ಟ್ ಕೂಡ.

ಗುರುಮುಖೇನ ಕಲಿತೋರಿಗೆ ಸರ್ಟಿಫಿಕೇಟೇ ಇರಲ್ಲ, ಏನು ಮಾಡೋದು? ದಾರಿ ಇದೆ. ನಿಮ್ಮ ಪರಂಪರೆಯಲ್ಲಿ ಅಧಿಕಾರ ಸಿಗೋದು ಹೆಂಗೆ, ಅದಕ್ಕೆ ಏನೇನು ಕಲೀಬೇಕು, ನೀವು ಅದನ್ನ ಯಾವಾಗ ಯಾರ ಹತ್ರ ಮುಗಿಸಿದ್ರಿ ಅಂತ ಪರಂಪರೆಯ ಹಿರಿಯರು ಅಥವಾ ಸಂಸ್ಥೆ ವಿವರವಾಗಿ ಪತ್ರ ಬರೆದುಕೊಡ್ಬೇಕು. ಔಪಚಾರಿಕ ಧಾರ್ಮಿಕ ಪದವಿ ಕೇಳದ ಪಂಥಗಳಿಗೆ ಅಮೆರಿಕದ ನಿಯಮದಲ್ಲೇ ಇಂಥ ವಿವರಣೆಗೆ ಅವಕಾಶ ಇದೆ. "ಇವರು ಬಹಳ ಒಳ್ಳೆಯವರು, ಸದಾಚಾರಿಗಳು" ಅಂತ ಎರಡು ಸಾಲಿನ ಪತ್ರ ತಂದ್ರೆ ಪ್ರಯೋಜನ ಇಲ್ಲ.

ಅಪೋಸ್ಟಿಲ್ ಕೇಳಿದ್ರೆ ಗಾಬರಿ ಬೇಡ. ಒಂದು ದೇಶದ ದಾಖಲೆ ಅಸಲಿ ಅಂತ ಆ ದೇಶದ ಸರ್ಕಾರಾನೇ ಹಾಕೋ ಮುದ್ರೆ ಅದು, 1961ರ ಹೇಗ್ ಒಪ್ಪಂದದಿಂದ ಬಂದ ಪದ್ಧತಿ. ಇಂಗ್ಲಿಷಲ್ಲಿ ಇಲ್ಲದ ದಾಖಲೆಗೆ ಅನುವಾದ, ಅನುವಾದ ಮಾಡಿದವ್ರ ಸಹಿ ಸಮೇತ. ಎಲ್ಲಾ ದಾಖಲೇಲೂ ಹೆಸರು ಒಂದೇ ತರ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ದೀಕ್ಷೆ ಆದ್ಮೇಲೆ ಹೆಸರು ಬದಲಾದವ್ರಿಗೆ ಇದು ದೊಡ್ಡ ತಲೆನೋವು, ಪೂರ್ವಾಶ್ರಮದ ಹೆಸರಲ್ಲಿ ಪಾಸ್‌ಪೋರ್ಟು, ಹೊಸ ಹೆಸರಲ್ಲಿ ಸಂಸ್ಥೆಯ ಪತ್ರ ಇದ್ರೆ ಇಬ್ರೂ ಒಬ್ರೇ ಅಂತ ಅಫಿಡವಿಟ್ ಅಥವಾ ಕಾನೂನು ಪ್ರಕಾರ ಹೆಸರು ಬದಲಾದ ದಾಖಲೆ ಬೇಕು.

6. ಸಂಬಳದ ವಿಷಯ ಬರಹದಲ್ಲಿ

ಧಾರ್ಮಿಕ ಕೆಲಸಕ್ಕೆ ದುಡ್ಡಿನ ಮಾತು ಯಾಕೆ ಅನ್ಸಬಹುದು, ಆದ್ರೆ ಆಫೀಸರ್ ಮೊದಲು ನೋಡೋದೇ ಅದನ್ನ, ಈ ಮನುಷ್ಯ ಅಲ್ಲಿ ಹೊಟ್ಟೆ ಹೊರೆಯೋದು ಹೆಂಗೆ ಅಂತ. ನಗದು ಎಷ್ಟು, ವಸತಿ ಊಟ ಕೊಡ್ತಾರಾ, ವಿಮೆ ಯಾರದ್ದು, ವಾರಕ್ಕೆ ರಜೆ ಇದೆಯಾ, ವಾಪಸ್ ಬರೋ ಟಿಕೆಟ್ ಯಾರದ್ದು, ಎಲ್ಲಾ ನೇಮಕಾತಿ ಪತ್ರದಲ್ಲಿ ಇರ್ಲಿ. ಸಂಸ್ಥೆ ತನ್ನ ಬಜೆಟ್ಟು, ಹಿಂದೆ ಇದೇ ಹುದ್ದೇಲಿ ಇದ್ದವ್ರಿಗೆ ಕೊಟ್ಟ ಸಂಬಳದ ದಾಖಲೆ ಎಲ್ಲಾ ಲಗತ್ತಿಸಿದ್ರೆ ಅರ್ಜಿ ಗಟ್ಟಿ.

ಭಕ್ತರು ಕೊಡೋ ಕಾಣಿಕೆ ಸಾಕು, ಸಂಬಳ ಬೇಡ ಅಂತ ಒಪ್ಕೊಂಡು ಹೋಗೋರು ಒಂದ್ಸಲ ಯೋಚ್ನೆ ಮಾಡಿ. ಅರ್ಜೀಲಿ ಹೆಸರಿರೋ ಸಂಸ್ಥೆ ಬಿಟ್ಟು ಬೇರೆ ಕಡೆ ಖಾಸಗಿಯಾಗಿ ಹೋಗಿ ದುಡ್ಡಿಗೆ ಕಾರ್ಯಕ್ರಮ ಮಾಡ್ಸಿಕೊಟ್ರೆ ಅದು ಅನುಮತಿ ಇಲ್ಲದ ಕೆಲಸ ಅಂತ ಆಗೋ ಅಪಾಯ ಇದೆ. ಬಂದ ಕಾಣಿಕೆ ಸಂಸ್ಥೆಯ ಲೆಕ್ಕಕ್ಕೆ ಹೋಗಿ ಅಲ್ಲಿಂದ ನಿಮಗೆ ಬರೋ ವ್ಯವಸ್ಥೆ ಮಾಡ್ಕೊಳಿ, ತೆರಿಗೆ ಲೆಕ್ಕಕ್ಕೂ ಅದೇ ವಾಸಿ.

7. ಇಂಟರ್ವ್ಯೂ

ಶಾಸ್ತ್ರಾರ್ಥ ಯಾರೂ ಕೇಳಲ್ಲ. ಸಂಸ್ಥೆ ಯಾವಾಗ ಶುರುವಾಯ್ತು, ಎಷ್ಟು ಜನ ಬರ್ತಾರೆ, ನಿಮ್ಮ ದಿನಚರಿ ಏನು, ಈಗ ಇರೋರು ಯಾರು, ಸಂಬಳ ಎಷ್ಟು, ಎಲ್ಲಿ ಇರ್ತೀರಿ, ಇಷ್ಟೇ. ಸಂಸ್ಥೆ ಹಾಕಿರೋ ಪಿಟಿಷನ್ನಿನ ಪ್ರತಿ ತರಿಸ್ಕೊಂಡು ಓದಿ, ನಿಮ್ಮ ಉತ್ತರ ಅದ್ರ ಜೊತೆ ತಾಳೆ ಆಗ್ಬೇಕು. ಇಂಗ್ಲಿಷ್ ಬರಲ್ಲ ಅಂದ್ರೆ ನಿಮ್ಮ ಭಾಷೇಲಿ ಇಂಟರ್ವ್ಯೂ ಸಿಗತ್ತಾ ಅಂತ ಮೊದ್ಲೇ ವಿಚಾರಿಸಿ, ಅರ್ಥ ಆಗದ ಪ್ರಶ್ನೆಗೆ ಹೂಂ ಅನ್ನೋದಕ್ಕಿಂತ ಅದು ಸಾವಿರ ಪಾಲು ಮೇಲು.

8. ಕುಟುಂಬ

ಆರ್-1 ಜೊತೆ ಸಂಗಾತಿ ಮತ್ತು ಮದುವೆಯಾಗದ 21ಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳು ಆರ್-2ನಲ್ಲಿ ಹೋಗಬಹುದು. ಓದಬಹುದು, ಕೆಲಸ ಮಾಡೋ ಹಂಗಿಲ್ಲ. ಒಬ್ರ ಸಣ್ಣ ಸಂಬಳದಲ್ಲಿ ನಾಲ್ಕು ಜನ ಅಲ್ಲಿ ಬದುಕೋದು ಕಷ್ಟ, ಹೊರಡೋ ಮುಂಚೆ ಮನೇಲಿ ಕೂತು ಲೆಕ್ಕ ಹಾಕಿ. ಮಕ್ಕಳಿಗೆ 21 ತುಂಬೋ ದಿನ ಗ್ರೀನ್ ಕಾರ್ಡ್ ಕ್ಯೂಗಿಂತ ಮುಂಚೆ ಬರತ್ತಾ ಅನ್ನೋದನ್ನೂ ನೋಡಿ. ಬ್ರಿಟನ್ನಿನ ಎರಡೂ ವೀಸಾದಲ್ಲಿ ಸಂಗಾತಿ, ಮಕ್ಕಳನ್ನ ಕರ್ಕೊಂಡು ಹೋಗೋಕೆ ಅವಕಾಶ ಇದೆ.

9. ಹೋದ್ಮೇಲೆ

ಪಾಸ್‌ಪೋರ್ಟಲ್ಲಿರೋ ವೀಸಾದ ತಾರೀಖು ಬೇರೆ, ಅಮೆರಿಕದ ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳೋ ಐ-94 ದಾಖಲೆಯ ತಾರೀಖು ಬೇರೆ. ಎರಡನೇದೇ ಮುಖ್ಯ, ಇಳಿದ ವಾರದಲ್ಲೇ ಆನ್‌ಲೈನಲ್ಲಿ ತೆಗೆದು ನೋಡಿ. ಬ್ರಿಟನ್ನಲ್ಲಿ ಈಗ ಕಾರ್ಡ್ ಇಲ್ಲ, ಇ-ವೀಸಾ ಖಾತೆ ಅಷ್ಟೇ, ಅದ್ರ ಲಾಗಿನ್ನು ಸಂಸ್ಥೆಯ ಆಫೀಸಲ್ಲಿ ಅಲ್ಲ, ನಿಮ್ಮ ಮೊಬೈಲು ಇಮೇಲಲ್ಲಿ ಇರ್ಬೇಕು. ಅಲ್ಲಿ ಖಾಯಂ ವಾಸ ಬೇಕಂದ್ರೆ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರಬಾರದು. ಹಬ್ಬ, ಯಾತ್ರೆ, ಉತ್ಸವ ಅಂತ ದೇಶ ದೇಶ ಸುತ್ತೋರು ಇದ್ರಲ್ಲೇ ಲೆಕ್ಕ ತಪ್ಪಿಸ್ಕೊಳ್ತಾರೆ.

ಅಮೆರಿಕದಲ್ಲಿ ಸಂಸ್ಥೆ ಬದಲಾಯಿಸೋದಾದ್ರೆ ಹೊಸ ಸಂಸ್ಥೆ ಹೊಸ ಪಿಟಿಷನ್ ಹಾಕಿ ಅದು ಪಾಸಾದ ಮೇಲೇನೇ ಅಲ್ಲಿ ಕೆಲಸ ಶುರು. ಎಚ್-1ಬಿ ಅವ್ರಿಗೆ ಅರ್ಜಿ ಹಾಕಿದ ಕೂಡ್ಲೇ ಸೇರೋ ಸೌಲಭ್ಯ ಇದೆ, ಆರ್-1ಗೆ ಇಲ್ಲ. ಕೆಲಸ ಹೋದ್ರೆ ಎಚ್-1ಬಿ ಅವ್ರಿಗೆ ಸಿಗೋ 60 ದಿನದ ಗಡುವಿನ ಪಟ್ಟಿಯಲ್ಲೂ ಆರ್-1 ಇಲ್ಲ, ಸಂಸ್ಥೆ ಮಾತ್ರ ನಿಮ್ಮನ್ನ ತೆಗೆದಿದ್ದನ್ನ 14 ದಿನದೊಳಗೆ ಸರ್ಕಾರಕ್ಕೆ ತಿಳಿಸ್ಬೇಕು. ಅದಕ್ಕೇ ಆಡಳಿತ ಮಂಡಳಿ ಜೊತೆ ಮನಸ್ತಾಪ ಶುರುವಾದ ಲಕ್ಷಣ ಕಂಡಾಗ್ಲೇ, ತೆಗೆಯೋವರೆಗೆ ಕಾಯದೆ, ಆ ದೇಶದ ವಲಸೆ ವಕೀಲರ ಹತ್ರ ಒಂದ್ಸಲ ಮಾತಾಡಿ, ನಿಮ್ಮ ಸ್ವಂತ ವಕೀಲರು, ಸಂಸ್ಥೆಯ ವಕೀಲರಲ್ಲ. ಪಿಟಿಷನ್ನಿನ ಪ್ರತಿ, ಒಪ್ಪಿಗೆ ಪತ್ರ, ಸಂಬಳದ ಚೀಟಿ, ತೆರಿಗೆ ಕಾಗದ ಇಷ್ಟನ್ನೂ ಮೊದಲ ತಿಂಗಳಿಂದಾನೇ ನಿಮ್ಮ ಹತ್ರ ಒಂದು ಫೈಲಲ್ಲಿ ಇಟ್ಕೊಂಡಿದ್ರೆ ವಕೀಲರು ಮೊದಲ ಭೇಟಿಯಲ್ಲೇ ಕೆಲಸಕ್ಕೆ ಬರೋ ಉತ್ತರ ಕೊಡ್ತಾರೆ.